ಶಿಶುವಿನ ಕಣ್ಣಿಗೆ ಲೇಸರ್ ಚಿಕಿತ್ಸೆ

ಮಟಮಾರಿಯಂಥ ಹಳ್ಳಿಯಲ್ಲಿ ದಿನ ತುಂಬುವ ಮೊದಲೇ ಜನಿಸಿದ ಶಿಶುವಿನ ಕಣ್ಣು ಹೊರಗೆ ನಿರ್ಮಲವಾಗಿಯೇ ತೋರಬಹುದು. ಒಳಗೆ ಅಕ್ಷಿಪಟಲದ ಅಂಚಿಗೆ ರಕ್ತನಾಳಗಳು ಇನ್ನೂ ತಲುಪಿರುವುದಿಲ್ಲ. ಆಮ್ಲಜನಕಕ್ಕೆ ಹಸಿದ ಆ ಅಂಚು ರಾಸಾಯನಿಕ ಸಂಕೇತ ಹೊರಡಿಸುತ್ತದೆ. ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ಪಟಲವನ್ನೇ ಎಳೆದು ಕಿತ್ತು ಅಂಧತ್ವ ತರಬಲ್ಲವು.

ಇಲ್ಲಿ ಲೇಸರ್ ನೆರವಾಗುತ್ತದೆ. 532 ಅಥವಾ 810 ನ್ಯಾನೋಮೀಟರ್ ಅಲೆಯುದ್ದದ ಕಿರಣವು ಪಾರದರ್ಶಕವಾದ ಮಸೂರವನ್ನು ದಾಟಿ, ಪಟಲದ ಹಿಂದಿನ ಕಪ್ಪು ವರ್ಣದ್ರವ್ಯದಲ್ಲಿ ಹೀರಲ್ಪಟ್ಟು ಶಾಖವಾಗುತ್ತದೆ. ಹಸಿದ ಅಂಚು ಬೆಂದು ಸಂಕೇತ ತಗ್ಗುತ್ತದೆ; ನಡುವಣ ದೃಷ್ಟಿ ಉಳಿಯುತ್ತದೆ.

ಆದರೆ ರೋಗವನ್ನು ಸಕಾಲದಲ್ಲಿ ಕಾಣಬೇಕಷ್ಟೆ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾದೊಡನೆ ಗ್ರಾಮಾಂತರಕ್ಕೆ ಹೋಗಿ ಶಿಶುಗಳ ಅಕ್ಷಿಪಟಲವನ್ನು ಚಿತ್ರಿಸುತ್ತಾರೆ. ದೂರದ ವೈದ್ಯರು ಆ ಚಿತ್ರಗಳನ್ನು ಪರೀಕ್ಷಿಸುತ್ತಾರೆ.

2 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಕೂಸು ನೆರೆಮನೆಯಲ್ಲಿ ಹುಟ್ಟಿದರೆ, ವಿದ್ಯಾರ್ಥಿಗಳೇ, 30 ದಿನಗಳೊಳಗೆ ಕಣ್ಣಿನ ಪರೀಕ್ಷೆ ಮಾಡಿಸುವಂತೆ ತಿಳಿಸಿರಿ.