ಎಂಟನೆಯವರು ಮೇಲೆ ಬಂದ ಮೂರು ಪಂದ್ಯ

ದಿಂಡಿಗಲ್ ಜಿಲ್ಲೆಯ ನತ್ತಂ ಊರಿನ ಹತ್ತಿರ, ಸಿರುಮಲೈ ಬೆಟ್ಟದ ಸೀಮೆಯಲ್ಲಿ, ಎನ್‌ಪಿಆರ್ ಎಂಬ ಎಂಜಿನಿಯರಿಂಗ್ ಕಾಲೇಜಿನ ಮೈದಾನವಿದೆ. ಹೈದರಾಲಿ 1755ರಲ್ಲಿ ಮೈಸೂರಿನ ಫೌಜುದಾರನಾಗಿ ಆಳಲು ಬಂದ ನೆಲ ಇದು. ಇವತ್ತಿಗೂ ಇಲ್ಲಿನ ಅನುಪ್ಪ ಸಮುದಾಯದವರು, ಆಚೆ ತೇನಿ–ಕಂಬಂ ಕಣಿವೆಯ ಕಾಪ್ಪಿಲಿಯರು ಮನೆಯೊಳಗೆ ತಮ್ಮದೇ ಕನ್ನಡ ಆಡುತ್ತಾರೆ. ನಾನು ಹೇಳಹೊರಟಿರುವುದು ಕ್ರಿಕೆಟ್ಟಿನ ವಿಚಾರ. ಆದರೂ ಆ ಊರಿನ ಹೆಸರು ಕೇಳಿದಾಗ ಇಷ್ಟನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ತಮಿಳುನಾಡು ಪ್ರೀಮಿಯರ್ ಲೀಗ್ (ಟಿಎನ್‌ಪಿಎಲ್) 2016ರಲ್ಲಿ ಶುರುವಾಯಿತು. ಅದರಲ್ಲಿ ಈ ಸೀಮೆಯ ತಂಡವಾದ ದಿಂಡಿಗಲ್ ಡ್ರ್ಯಾಗನ್ಸ್ 2018ರಲ್ಲಿ ಫೈನಲ್ ತಲುಪಿ ಮದುರೆ ತಂಡಕ್ಕೆ ಸೋತಿತು, 2019ರಲ್ಲಿ ಮತ್ತೆ ತಲುಪಿ ಚೇಪಾಕ್ ತಂಡಕ್ಕೆ ಸೋತಿತು. ನಡುವಿನ ವರ್ಷಗಳಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ನೇರವಾಗಿ 2024ಕ್ಕೆ ಬರೋಣ. ನಾಯಕ ರವಿಚಂದ್ರನ್ ಅಶ್ವಿನ್, ವಯಸ್ಸು 37. ಅದೇ ಫೆಬ್ರವರಿಯಲ್ಲಿ ರಾಜ್‌ಕೋಟ್‌ನಲ್ಲಿ 500ನೇ ಟೆಸ್ಟ್ ವಿಕೆಟ್ ಕಿತ್ತಿದ್ದರು. ಅವರಿಗೆ ಚೆಂಡು ಕೊಡುವುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಬೌಂಡರಿಗೆ ಇಬ್ಬರೇ ಕಾವಲಿರುವ ಮೊದಲ ಆರು ಓವರ್‌ಗಳಲ್ಲೇ ಮೇಲೆಬಿದ್ದು ಆಡುವುದು ಈಗಿನ ಟಿ20 ಪದ್ಧತಿ. ಎಂಟನೆಯವರಾಗಿ ಇಳಿದು ಟೆಸ್ಟ್ ಉಳಿಸಿಕೊಡುವ ಬ್ಯಾಟು ಅದಕ್ಕೆ ಒಗ್ಗೀತೇ?

ಅಶ್ವಿನ್ ಮೇಲಿನ ಕ್ರಮಾಂಕಕ್ಕೆ ಬಂದರು. ಎಲಿಮಿನೇಟರ್‌ನಲ್ಲಿ ಚೇಪಾಕ್ ವಿರುದ್ಧ 35 ಎಸೆತಗಳಲ್ಲಿ 57. ಎರಡನೇ ಕ್ವಾಲಿಫೈಯರ್‌ನಲ್ಲಿ, ಚೆನ್ನೈಯಲ್ಲಿ, ತಿರುಪ್ಪೂರು ತಂಡ 108ಕ್ಕೆ ಕುಸಿಯಿತು. ಅಶ್ವಿನ್ 30 ಎಸೆತಗಳಲ್ಲಿ ಅಜೇಯ 69 ಹೊಡೆದು, ಹನ್ನೊಂದು ಓವರ್ ತುಂಬುವ ಮೊದಲೇ ಆಟ ಮುಗಿಸಿದರು. ಆಗಸ್ಟ್ 4ರಂದು ಚೆನ್ನೈಯಲ್ಲಿ ಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಕೊಯಮತ್ತೂರು. ಗುರಿ 130. ಆರಂಭದಲ್ಲಿ ವಿಕೆಟ್ ಬಿದ್ದಾಗ ಅದೇ ಮನುಷ್ಯ ಕೈ ಬಿಗಿಹಿಡಿದು 46 ಎಸೆತಗಳಲ್ಲಿ 52 ಮಾಡಿದರು. ದಿಂಡಿಗಲ್‌ಗೆ ಮೊದಲ ಕಪ್. ನನಗೆ ಆ 69ಕ್ಕಿಂತ ಈ 52 ದೊಡ್ಡದು. ಬೀಸುವುದು ಬಂದರೆ ಸಾಲದು, ಯಾವಾಗ ಬೀಸಬಾರದು ಎಂಬುದೂ ಈ ಪದ್ಧತಿಯದೇ ಪಾಠ. ಅದು ಅವರಿಗೆ ಮೊದಲೇ ಗೊತ್ತಿತ್ತು.

ಏಕೆಂದರೆ ಅಶ್ವಿನ್ ಹುಟ್ಟಾ ಬೌಲರ್ ಅಲ್ಲ. ಹುಡುಗನಾಗಿ ಅವರು ಆರಂಭಿಕ ಬ್ಯಾಟ್ಸ್‌ಮನ್. ಹದಿಹರೆಯದಲ್ಲಿ ಸೊಂಟದ ಭಾಗಕ್ಕೆ ಪೆಟ್ಟಾಗಿ ತಿಂಗಳುಗಟ್ಟಲೆ ಮೈದಾನದಿಂದ ದೂರ ಉಳಿದರು. ಆಫ್ ಸ್ಪಿನ್ ಅವರ ಮುಖ್ಯ ಕಸುಬಾದದ್ದು ಆಮೇಲೆ. 2011ರಲ್ಲಿ ಮುಂಬೈ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಶತಕ ಹೊಡೆದು, ಅದೇ ಪಂದ್ಯದಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದಾಗಲೂ ಜನ ಚೆಂಡನ್ನೇ ನೋಡಿದರು. ಐಪಿಎಲ್‌ನಲ್ಲಿ ಆ ಬ್ಯಾಟಿನ ಮೇಲೆ ಸ್ವಲ್ಪ ನಂಬಿಕೆ ಇಟ್ಟದ್ದು 2022ರ ರಾಜಸ್ಥಾನ ರಾಯಲ್ಸ್. ಮೂರನೇ ಕ್ರಮಾಂಕದಲ್ಲಿ ಕಳುಹಿಸಿದಾಗ ಡೆಲ್ಲಿ ವಿರುದ್ಧ ಅರ್ಧಶತಕ ಬಂತು. ಅದೇ ತಂಡದಲ್ಲಿ, ಲಖನೌ ವಿರುದ್ಧ 23 ಎಸೆತಗಳಲ್ಲಿ 28 ರನ್ ಗಳಿಸಿ, ಹತ್ತು ಎಸೆತ ಉಳಿದಿರುವಾಗ ತಾವೇ 'ರಿಟೈರ್ಡ್ ಔಟ್' ಆಗಿ ಹೊರನಡೆದು ರಿಯಾನ್ ಪರಾಗ್‌ಗೆ ಜಾಗ ಬಿಟ್ಟರು. ಐಪಿಎಲ್‌ನಲ್ಲಿ ಯಾರೂ ಅದುವರೆಗೆ ಹಾಗೆ ಮಾಡಿರಲಿಲ್ಲ. ತಂಡದ ಲೆಕ್ಕಾಚಾರಕ್ಕಾಗಿ ತನ್ನ ವಿಕೆಟ್ಟನ್ನೇ ಬಿಟ್ಟುಕೊಟ್ಟ ಆಟಗಾರ ಪದ್ಧತಿಗೆ ಹೊಂದುತ್ತಾರೋ ಇಲ್ಲವೋ ಎಂದು ಮತ್ತೆ ಮತ್ತೆ ಕೇಳಿದ್ದು ನನಗೆ ನೋವಿನ ಸಂಗತಿ. ನಮ್ಮ ರಾಹುಲ್ ದ್ರಾವಿಡ್ 2003ರ ವಿಶ್ವಕಪ್‌ನಲ್ಲಿ, ಒಬ್ಬ ಬ್ಯಾಟ್ಸ್‌ಮನ್ ಹೆಚ್ಚಿಗೆ ಆಡಲೆಂದು ಗ್ಲೌಸ್ ತೊಟ್ಟು ವಿಕೆಟ್ ಹಿಂದೆ ನಿಂತಾಗಲೂ ಇಂಥದ್ದೇ ಅನುಮಾನವನ್ನು ಹೊತ್ತಿದ್ದರು.

ಟಿಎನ್‌ಪಿಎಲ್ ಆಟದ ಫಲ ಆರೇ ವಾರದಲ್ಲಿ ಬಂತು. 2024ರ ಸೆಪ್ಟೆಂಬರ್ 19, ಚೆನ್ನೈಯ ಚೇಪಾಕ್ ಮೈದಾನದಲ್ಲಿ ಟೆಸ್ಟ್, ಎದುರಿಗೆ ಬಾಂಗ್ಲಾದೇಶ. ಆರು ವಿಕೆಟ್‌ಗೆ 144 ಎಂಬ ಹೊತ್ತಿಗೆ ಎಂಟನೆಯವರಾಗಿ ಇಳಿದ ಅಶ್ವಿನ್ 108 ಎಸೆತಗಳಲ್ಲಿ ಶತಕ ಮುಟ್ಟಿದರು, ಜಡೇಜ ಜೊತೆ 199 ರನ್ ಸೇರಿಸಿ ಮರುದಿನ 113ಕ್ಕೆ ಔಟಾದರು. ಆಗಷ್ಟೇ ಮುಗಿಸಿ ಬಂದಿದ್ದ ಟಿಎನ್‌ಪಿಎಲ್‌ನಲ್ಲಿ ಬ್ಯಾಟಿಂಗ್ ಮೇಲೆ ಸಾಕಷ್ಟು ದುಡಿದಿದ್ದೆ ಎಂದು ಶತಕದ ದಿನ ಸಂಜೆ ಅವರೇ ನೆನೆದರು. ಎರಡನೇ ಇನಿಂಗ್ಸ್‌ನಲ್ಲಿ 88ಕ್ಕೆ 6 ವಿಕೆಟ್. ಅದೇ ಡಿಸೆಂಬರ್ 18ರಂದು, ಆಸ್ಟ್ರೇಲಿಯಾ ಸರಣಿ ಮುಗಿಯುವ ಮೊದಲೇ, ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ನಿವೃತ್ತಿ. ಟೆಸ್ಟ್‌ಗಳಲ್ಲಿ 537 ವಿಕೆಟ್, ಆರು ಶತಕ. ಆ ಆರು ಶತಕಗಳ ಹುಡುಗನನ್ನು ಇನ್ನಷ್ಟು ಮೊದಲೇ ಮೇಲಕ್ಕೆ ಕಳುಹಿಸಿದ್ದರೆ ಎಂಬ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

2025ರ ಜುಲೈನಲ್ಲಿ ನತ್ತಂನ ಅದೇ ಕಾಲೇಜು ಮೈದಾನದಲ್ಲಿ ಟಿಎನ್‌ಪಿಎಲ್ ಎಲಿಮಿನೇಟರ್. ತಿರುಚ್ಚಿ ವಿರುದ್ಧ ಅಶ್ವಿನ್ 48 ಎಸೆತಗಳಲ್ಲಿ 83, ಜೊತೆಗೆ ಮೂರು ವಿಕೆಟ್. ಫೈನಲ್ ಕೂಡ ಅಲ್ಲೇ. ಈ ಸಲ ತಿರುಪ್ಪೂರು 220 ಹೊಡೆಯಿತು. ತವರಿನ ಜನರ ಮುಂದೆ ದಿಂಡಿಗಲ್ 102ಕ್ಕೆ ಮುಗಿಯಿತು.