ಎರಡು ಕಟ್ಟಡ, ಒಂದೇ ಜಾಲ: ನಿಸ್ತಂತು ಸೇತುವೆಯ ಪ್ರಯೋಜನ

ರಸ್ತೆಯ ಈ ಬದಿಗೆ ಅಂಗಡಿ, ಆ ಬದಿಗೆ ಗೋದಾಮು. ಎರಡೂ ಕಡೆ ಕಂಪ್ಯೂಟರುಗಳಿದ್ದರೂ ಗೋದಾಮಿನ ದಾಸ್ತಾನು ಅಂಗಡಿಯ ಲೆಕ್ಕಕ್ಕೆ ತಿಳಿಯದು. ಇಲ್ಲದ ಸರಕಿಗೆ ಬಿಲ್ಲು ಬರೆದು ಗ್ರಾಹಕರೆದುರು ಮುಜುಗರಕ್ಕೊಳಗಾಗುವ ಪ್ರಸಂಗ ವರ್ತಕರಿಗೆ ಹೊಸದಲ್ಲ. ಈ ಎರಡು ಜಾಲಗಳನ್ನು ಜೋಡಿಸುವುದು ಹೇಗೆ?

ತಾಮ್ರದ ಈಥರ್ನೆಟ್ ಕೇಬಲ್‌ನ ಮಿತಿ 100 ಮೀಟರ್. ಅದನ್ನು ಬಯಲಿನಲ್ಲಿ ಎಳೆದರೆ ಸಿಡಿಲಿನಿಂದ ಎರಡೂ ಕಡೆಯ ಉಪಕರಣಗಳು ಕೆಡುವ ಅಪಾಯವಿದೆ. ಆಪ್ಟಿಕಲ್ ಫೈಬರ್ ಶ್ರೇಷ್ಠವಾದರೂ ರಸ್ತೆ ಅಗೆಯಲು ಅನುಮತಿ ಪಡೆಯಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ ನಿಸ್ತಂತು ಸೇತುವೆಯು ಸುಲಭೋಪಾಯವಾಗಿದೆ.

ಪ್ರತಿ ಕಟ್ಟಡದ ಸ್ವಿಚ್ಚಿಗೆ ಒಂದೊಂದು ಆಕ್ಸೆಸ್ ಪಾಯಿಂಟ್ ಜೋಡಿಸಿ, ಅವುಗಳ ಆಂಟೆನಾಗಳನ್ನು ಪರಸ್ಪರ ಎದುರಾಗಿ ನಿಲ್ಲಿಸಬೇಕು. ಸಾಮಾನ್ಯ ವಿಧಾನದಲ್ಲಿ ಇವು ಲ್ಯಾಪ್‌ಟಾಪ್, ಮೊಬೈಲುಗಳಿಗಷ್ಟೇ ಸಂಪರ್ಕ ನೀಡುತ್ತವೆ. 'ಬ್ರಿಡ್ಜ್' ವಿಧಾನಕ್ಕೆ ಹೊಂದಿಸಿದಾಗ ಎರಡೂ ಜಾಲಗಳು ಒಂದಾಗುತ್ತವೆ. ಆದ್ದರಿಂದ ಖರೀದಿಗೆ ಮುನ್ನ ಉಪಕರಣದಲ್ಲಿ ಈ ಸೌಲಭ್ಯವಿದೆಯೇ ಎಂದು ವಿಚಾರಿಸುವುದು ಅಗತ್ಯ.

ಭಾರತದಲ್ಲಿ ನಿಗದಿತ ಶಕ್ತಿಮಿತಿಯೊಳಗೆ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು 2005ರಲ್ಲಿಯೂ, 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನು 2018ರಲ್ಲಿಯೂ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಪೇಟೆಯಲ್ಲಿ ಮೊದಲನೆಯದರ ದಟ್ಟಣೆ ಹೆಚ್ಚಾದ ಕಾರಣ ಎರಡನೆಯದೇ ಲೇಸು.

ಗಮನಿಸಬೇಕಾದ ಅಂಶಗಳು:

1. ಆಂಟೆನಾಗಳ ನಡುವೆ ನೇರ ದೃಷ್ಟಿ ಇರಬೇಕು. 200 ಮೀಟರ್ ಅಂತರಕ್ಕೆ, 5.8 ಗಿಗಾಹರ್ಟ್ಸ್‌ನಲ್ಲಿ, ನಡುದಾರಿಯಲ್ಲಿ ದೃಷ್ಟಿರೇಖೆಯ ಸುತ್ತ ಸುಮಾರು ಒಂದೂವರೆ ಮೀಟರ್ ತೆರವಿರುವುದು ಒಳ್ಳೆಯದು. ಇಂದು ಬೋಳಾಗಿರುವ ಮರ ನಾಳೆ ಚಿಗುರಿ ಅಡ್ಡಬರಬಹುದು.

2. ಕಂಪ್ಯೂಟರುಗಳಿಗೆ ಐಪಿ ವಿಳಾಸ ಹಂಚುವ ಕೆಲಸ ಒಂದೇ ಕಡೆಯ ರೂಟರಿನದಾಗಿರಲಿ. ಇಬ್ಬರು ಯಜಮಾನರಾದರೆ ಗೊಂದಲ ನಿಶ್ಚಿತ.

3. ರಕ್ಷಣೆಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಬಳಸಬೇಕು. ಹಳೆಯ ಡಬ್ಲ್ಯುಇಪಿಯ ದೌರ್ಬಲ್ಯ 2001ರಲ್ಲಿಯೇ ಬಯಲಾಗಿದೆ. ಅದನ್ನು ನೆಚ್ಚಿದರೆ ನಿಮ್ಮ ಲೆಕ್ಕಪತ್ರಗಳು ಪರರ ಕೈಸೇರಬಹುದು.

4. ಮಾಳಿಗೆಯ ಕಂಬಕ್ಕೆ ಅರ್ಥಿಂಗ್, ಎರಡೂ ತುದಿಗೆ ಯುಪಿಎಸ್ ಇರಲಿ. ಒಂದೆಡೆ ವಿದ್ಯುತ್ ಹೋದರೂ ಸಂಪರ್ಕ ಕಡಿಯುವುದು.

ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗದ ಅರ್ಧದಷ್ಟು ದೊರೆತರೂ ಬಿಲ್ಲಿಂಗ್ ಹಾಗೂ ದಾಸ್ತಾನು ಲೆಕ್ಕಕ್ಕೆ ಧಾರಾಳವಾಗಿ ಸಾಕು. ಆದ್ದರಿಂದ ಸದಸ್ಯರು ದುಬಾರಿ ಉಪಕರಣಕ್ಕೆ ಹಣ ತೆರುವ ಮುನ್ನ ಒಮ್ಮೆ ಮಾಳಿಗೆ ಹತ್ತಿ, ಎದುರಿನ ಕಟ್ಟಡ ನಿಚ್ಚಳವಾಗಿ ಕಾಣುವುದೇ ಎಂದು ನೋಡುವುದು ಜಾಣತನ.