ನಿಧಾನ ಸವಾರಿಯಲ್ಲಿ ಸೈಕಲ್ಲಿನ ಪಾಲೆಷ್ಟು, ಸವಾರರ ಪಾಲೆಷ್ಟು?

ಬಾಸ್ಟನ್ ನಗರದ ಚಾರ್ಲ್ಸ್ ನದಿಯ ದಂಡೆಗುಂಟ ಸೈಕಲ್ ದಾರಿಯೊಂದಿದೆ. ಬೇಸಿಗೆಯ ಭಾನುವಾರ ಅಲ್ಲಿ ಬೆನ್ನು ಬಾಗಿಸಿ ರಭಸದಿಂದ ಸಾಗುವ ಹುಡುಗರ ನಡುವೆ ಎಪ್ಪತ್ತು ದಾಟಿದ ದಂಪತಿಗಳೂ ಕಾಣಸಿಗುತ್ತಾರೆ. ಆಕೆ ಮುಂದೆ, ಆತ ಹಿಂದೆ. ಬೆನ್ನು ನೆಟ್ಟಗೆ, ವೇಗ ಗಂಟೆಗೆ 12 ಕಿಲೋಮೀಟರ್ ಇದ್ದರೆ ಹೆಚ್ಚು. ಹಿಂದಿನಿಂದ ಬಂದವರೆಲ್ಲ ಬೆಲ್ಲು ಬಾರಿಸಿ ಮುಂದೆ ಹೋಗುತ್ತಾರೆ. ಅಂಥ ಸವಾರರ ಮುಂದಿನ ಚಕ್ರವನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಬೇಕು. ಅದು ಒಂದು ಕ್ಷಣವೂ ನೇರವಾಗಿ ನಿಲ್ಲದು. ತುಸು ಎಡಕ್ಕೆ, ತುಸು ಬಲಕ್ಕೆ, ಮತ್ತೆ ಎಡಕ್ಕೆ. ಪಕ್ಕದಲ್ಲಿ ಹಾರಿಹೋದ ಹುಡುಗನ ಚಕ್ರ ಗೆರೆ ಎಳೆದಂತೆ ಸಾಗಿತ್ತು. ಈ ವ್ಯತ್ಯಾಸಕ್ಕೆ ಕಾರಣ ವಯಸ್ಸಲ್ಲ, ವೇಗ.

ಸೈಕಲ್ ಬೀಳದಿರುವ ಗುಟ್ಟು ಹ್ಯಾಂಡಲಿನಲ್ಲಿದೆ. ಎಡಕ್ಕೆ ವಾಲಿತೆಂದರೆ ಹ್ಯಾಂಡಲನ್ನೂ ಎಡಕ್ಕೇ ತಿರುಗಿಸಬೇಕು. ಆಗ ಚಕ್ರಗಳು ಎಡಕ್ಕೆ ಸರಿದು, ವಾಲುತ್ತಿರುವ ಭಾರದ ಅಡಿಗೇ ಬಂದು ನಿಲ್ಲುತ್ತವೆ. ಚಕ್ರ ಎಷ್ಟು ಬೇಗ ಪಕ್ಕಕ್ಕೆ ಸರಿಯುತ್ತದೆ ಎಂಬುದು ಸೈಕಲ್ಲಿನ ವೇಗವನ್ನು ಅವಲಂಬಿಸಿದೆ. ವೇಗ ಹೆಚ್ಚಿದ್ದರೆ ಹ್ಯಾಂಡಲನ್ನು ಕೂದಲೆಳೆಯಷ್ಟು ತಿರುಗಿಸಿದರೂ ಸಾಕು. ನಿಧಾನವಾದಂತೆ ಹೆಚ್ಚು ತಿರುಗಿಸಬೇಕು, ಮತ್ತೆ ಮತ್ತೆ ತಿರುಗಿಸಬೇಕು. ನಮ್ಮ ಊರುಗಳಲ್ಲಿ ಗಣೇಶನ ಹಬ್ಬಕ್ಕೋ ಶಾಲೆಯ ಕ್ರೀಡಾಕೂಟಕ್ಕೋ ನಡೆಯುವ ಸ್ಲೋ ಸೈಕಲ್ ರೇಸಿನಲ್ಲಿ ಕೊನೆಗೆ ಬಂದವನೇ ಗೆದ್ದವನಾಗುವುದು ಈ ಕಾರಣಕ್ಕೇ. ಅಲ್ಲಿ ಪರೀಕ್ಷೆಯಾಗುವುದು ಕಾಲಿನ ಬಲವಲ್ಲ, ಸಮತೋಲ.

ಹಾಗಿದ್ದರೆ ಜೋರಾಗಿ ತಳ್ಳಿ ಬಿಟ್ಟ ಖಾಲಿ ಸೈಕಲ್ ಯಾರೂ ಹಿಡಿಯದೆ ಅಷ್ಟು ದೂರ ಹೋಗುವುದು ಹೇಗೆ? ತಿರುಗುವ ಚಕ್ರ ಬುಗುರಿಯ ಹಾಗೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ ಎಂದು ಬಹುಕಾಲ ವಿವರಿಸಲಾಗುತ್ತಿತ್ತು. 1970ರಲ್ಲಿ ಬ್ರಿಟನ್ನಿನ ರಸಾಯನವಿಜ್ಞಾನಿ ಡೇವಿಡ್ ಜೋನ್ಸ್ ಮುಂದಿನ ಚಕ್ರದ ಪಕ್ಕಕ್ಕೆ ಇನ್ನೊಂದು ಚಕ್ರ ಜೋಡಿಸಿ, ಅದನ್ನು ಹಿಮ್ಮುಖವಾಗಿ ತಿರುಗಿಸಿ ಬುಗುರಿಯ ಪರಿಣಾಮವನ್ನು ಅಳಿಸಿಹಾಕಿದರು. ಆಮೇಲೂ ಆ ಸೈಕಲನ್ನು ಆರಾಮವಾಗಿ ಓಡಿಸಲು ಸಾಧ್ಯವಾಯಿತು. ಮುಂದಿನ ಚಕ್ರ ನೆಲ ಮುಟ್ಟುವ ಜಾಗ ಹ್ಯಾಂಡಲ್ ತಿರುಗುವ ಅಕ್ಷದ ಸ್ವಲ್ಪ ಹಿಂದಕ್ಕಿರುತ್ತದೆ, ಮುಖ್ಯ ಕಾರಣ ಅದೇ ಎಂಬುದು ಜೋನ್ಸರ ವಾದ. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಈ ಎರಡೂ ಗುಣಗಳಿಲ್ಲದ ಪುಟ್ಟ ಸೈಕಲ್ಲೊಂದನ್ನು ಕಟ್ಟಿ ತಳ್ಳಿಬಿಟ್ಟರು. ಅದೂ ಬೀಳದೆ ಸಾಗಿತು. ಭಾರ ಎಲ್ಲೆಲ್ಲಿ ಹಂಚಿಕೆಯಾಗಿದೆ ಎಂಬುದೊಂದರಿಂದಲೇ ವಾಲಿದ ಕಡೆಗೆ ಮುಂದಿನ ಚಕ್ರ ತಾನಾಗಿ ಹೊರಳುವಂತೆ ಮಾಡಬಹುದು ಎಂದು ಗೊತ್ತಾಯಿತು.

ಆದರೆ ಸೈಕಲ್ಲಿನ ಈ ಸ್ವಂತ ಜಾಣ್ಮೆ ಎಲ್ಲ ವೇಗದಲ್ಲೂ ಕೆಲಸ ಮಾಡದು. ಕೈಬಿಟ್ಟು ಅಲ್ಲಾಡದೆ ಕೂತ ಸವಾರನಿರುವ ಮಾದರಿ ಸೈಕಲ್ಲೊಂದರ ಲೆಕ್ಕ 2007ರಲ್ಲಿ ಪ್ರಕಟವಾಯಿತು. ಗಂಟೆಗೆ ಸುಮಾರು 15ರಿಂದ 22 ಕಿಲೋಮೀಟರ್ ವೇಗದ ನಡುವೆ ಅದು ತನ್ನಷ್ಟಕ್ಕೇ ನೆಟ್ಟಗಿರುತ್ತದೆ. ಅದಕ್ಕಿಂತ ಕಡಿಮೆಯಾದರೆ ಹಾವಿನಂತೆ ಹೊರಳಾಡುತ್ತ, ಹೊರಳಾಟ ಹೆಚ್ಚಿ ಬೀಳುತ್ತದೆ. ಅಂದರೆ 12 ಕಿಲೋಮೀಟರ್ ವೇಗದಲ್ಲಿ ಸಾಗುವ ಹಿರಿಯರಿಗೆ ಯಂತ್ರದ ನೆರವು ಸಾಲದು. ಕಣ್ಣು, ಒಳಗಿವಿಯ ಸಮತೋಲದ ಅಂಗ, ಸೊಂಟ, ಭುಜ ಮತ್ತು ಬೆರಳುಗಳು ಎಡೆಬಿಡದೆ ದುಡಿಯುತ್ತಿರುತ್ತವೆ. ಹುಡುಗನಿಗೆ ಸೈಕಲ್ಲೇ ಮಾಡಿಕೊಟ್ಟ ಕೆಲಸವನ್ನು ಅವರು ಸ್ವತಃ ಮಾಡುತ್ತಿದ್ದಾರೆ.

ಕಾಲುಗಳ ಕಥೆ ಇದಕ್ಕೆ ತದ್ವಿರುದ್ಧ. ನಡೆಯುವಾಗ ಪ್ರತಿ ಹೆಜ್ಜೆಗೂ ಮೈಯನ್ನು ಕೆಲವು ಸೆಂಟಿಮೀಟರ್ ಮೇಲೆತ್ತಿ ಇಳಿಸುತ್ತೇವೆ. ಇಟ್ಟ ಕಾಲು ಪ್ರತಿ ಸಲವೂ ಸ್ವಲ್ಪ ಬ್ರೇಕ್ ಹಾಕುತ್ತದೆ. ಸೀಟಿನ ಮೇಲೆ ಕೂತವರಿಗೆ ಈ ಎರಡೂ ನಷ್ಟವಿಲ್ಲ. ಸಮತಟ್ಟಾದ ನೆಲದಲ್ಲಿ ಒಂದು ಕಿಲೋಮೀಟರ್ ಸಾಗಲು ಸೈಕಲ್ ಸವಾರರಿಗೆ ಬೇಕಾಗುವ ಶಕ್ತಿ, ನಡೆಯುವವರಿಗೆ ಬೇಕಾಗುವುದರ ಸುಮಾರು ಐದನೇ ಒಂದು ಪಾಲು. ಮಂಡಿಗೂ ಹಾಗೆಯೇ ಹಗುರ. ಕೃತಕ ಮಂಡಿಯೊಳಗೆ ಅಳತೆಯ ಉಪಕರಣ ಕೂರಿಸಿ ನೋಡಿದಾಗ, ನಡಿಗೆಯಲ್ಲಿ ಕೀಲಿನ ಮೇಲೆ ಮೈತೂಕದ ಎರಡೂವರೆ ಪಟ್ಟಿನಷ್ಟು ಒತ್ತಡ ಬಿದ್ದರೆ, ಹಗುರವಾಗಿ ಪೆಡಲ್ ತುಳಿಯುವಾಗ ಹೆಚ್ಚುಕಡಿಮೆ ಮೈತೂಕದಷ್ಟೇ ಬಿತ್ತು. ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವವರೂ ಸೈಕಲ್ ಹತ್ತಿದರೆ ಮೈಲಿಗಟ್ಟಲೆ ಹೋಗಿಬರುವುದು ಇದರಿಂದಲೇ.

ನಿಧಾನಕ್ಕೆ ಇನ್ನೊಂದು ಲಾಭವಿದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸವಾರರೂ ಸೈಕಲ್ಲೂ ಸೇರಿ 90 ಕಿಲೋ ಇದ್ದರೆ, ಗಾಳಿಯಿಲ್ಲದ ದಿನ, ಸಮತಟ್ಟು ದಾರಿಯಲ್ಲಿ 12 ಕಿಲೋಮೀಟರ್ ವೇಗಕ್ಕೆ ಅಂದಾಜು 30 ವಾಟ್ ಸಾಕು. ವೇಗ 24ಕ್ಕೆ ಏರಿದರೆ ಬೇಕಾಗುವುದು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಏರಂತೂ ಇನ್ನೂ ನಿರ್ದಯಿ. ನೂರು ಮೀಟರಿಗೆ ಬರೀ 2 ಮೀಟರ್ ಏರಿದ್ದರೂ ಆ 30 ವಾಟ್ 90ರ ಹತ್ತಿರ ಹೋಗುತ್ತದೆ. ವಯಸ್ಸಾದ ಸವಾರರು ನದಿಯ ದಂಡೆಯನ್ನೇ ಹುಡುಕಿಕೊಂಡು ಹೋಗುವುದು ನೋಟದ ಚೆಲುವಿಗಾಗಿ ಮಾತ್ರವಲ್ಲ. ಅದರಲ್ಲೂ ಚಾರ್ಲ್ಸ್ ನದಿಯ ಈ ಭಾಗದಲ್ಲಿ ಹಿಂದೆ ಸಮುದ್ರದ ಉಬ್ಬರವಿಳಿತಕ್ಕೆ ನೀರು ಏರಿ ಇಳಿದು ಕೆಸರು ಬಯಲಾಗುತ್ತಿತ್ತು. 1910ರಲ್ಲಿ ಅಣೆಕಟ್ಟು ಮುಗಿದ ಮೇಲೆ ಅದು ಮಟ್ಟ ಬದಲಾಗದ ಸರೋವರದಂತಾಯಿತು. ಪಕ್ಕದ ದಾರಿಯೂ ಬಹುಪಾಲು ಮಟ್ಟಸ.

ಆ ದಾರಿಗೆ ಇಟ್ಟಿರುವುದು ಹೃದ್ರೋಗ ತಜ್ಞ ಡಾ. ಪಾಲ್ ಡಡ್ಲಿ ವೈಟ್ ಅವರ ಹೆಸರು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಚಿಕಿತ್ಸೆಗೆ ಕರೆಸಿಕೊಂಡದ್ದು ಇವರನ್ನೇ. ಹೃದಯಾಘಾತವಾದವರು ವಾರಗಟ್ಟಲೆ ಹಾಸಿಗೆ ಬಿಟ್ಟೇಳಬಾರದು ಎಂಬುದು ಆಗಿನ ವಾಡಿಕೆ. ವೈಟ್ ಅದಕ್ಕೆ ವಿರುದ್ಧವಾಗಿ ನಡಿಗೆ, ಸೈಕಲ್ ಎಂದು ಊರೂರಿಗೂ ಹೇಳುತ್ತ ಬಂದರು, ತಾವೂ ಇಳಿವಯಸ್ಸಿನವರೆಗೆ ತುಳಿದರು. ಮಕ್ಕಳ ಮನೆಗೆಂದು ಕರ್ನಾಟಕದಿಂದ ಬಾಸ್ಟನ್ನಿಗೆ ಹೋಗಿ ನದಿದಂಡೆಯಲ್ಲಿ ವಾಕಿಂಗ್ ಮಾಡುವ ಅಪ್ಪ ಅಮ್ಮಂದಿರಿಗೆ ಈ ಹೆಸರಿನ ಫಲಕ ಕಣ್ಣಿಗೆ ಬಿದ್ದಿರಬಹುದು.

ಎಳೆಯ ವಯಸ್ಸಿನಲ್ಲಿ ಬಾಡಿಗೆ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಕಲಿತ ವಿದ್ಯೆ ಮರೆತುಹೋಗದು, ನಿಜ. ಆದರೆ ಹತ್ತುವ, ಇಳಿಯುವ, ಸಿಗ್ನಲಿನಲ್ಲಿ ನಿಲ್ಲುವ ಗಳಿಗೆಯಲ್ಲಿ ವೇಗ ಸೊನ್ನೆಗೆ ಹತ್ತಿರವಾಗಿರುತ್ತದೆ. ಆಗ ಹ್ಯಾಂಡಲ್ ತಿರುಗಿಸಿ ಪ್ರಯೋಜನವಿಲ್ಲ, ಕಾಲೇ ನೆಲ ಮುಟ್ಟಬೇಕು. ಆದ್ದರಿಂದ ಮುಂದೆ ಅಡ್ಡ ಸರಳಿಲ್ಲದ, ಲೇಡೀಸ್ ಸೈಕಲ್ ಎಂದು ನಾವು ಕರೆಯುವ ಚೌಕಟ್ಟು ಗಂಡಸರಿಗೂ ಒಳ್ಳೆಯದು. ತುಳಿಯುವಾಗ ಮಂಡಿ ತೀರಾ ಮಡಚದಷ್ಟು ಸೀಟು ಎತ್ತರವಿರಬೇಕು, ನಿಂತಾಗ ಪಾದ ನೆಲಕ್ಕೆ ಎಟುಕುವಷ್ಟು ತಗ್ಗಾಗಿಯೂ ಇರಬೇಕು. ಬ್ಯಾಟರಿ ಸೈಕಲ್ ಕೊಂಡರೆ ಏರು ಹತ್ತುವ ಕಷ್ಟ ತಪ್ಪೀತು, ಆದರೆ ಮೋಟರು ಸಮತೋಲ ಕಾಯದು. ಬ್ಯಾಟರಿಯ ಭಾರದಿಂದ ನಿಲ್ಲಿಸುವಾಗಿನ ಕಷ್ಟ ಹೆಚ್ಚೇ ಆಗಬಹುದು. ತಲೆಸುತ್ತು ಇರುವವರು, ಒಂಟಿ ಕಾಲಲ್ಲಿ ನಿಲ್ಲಲಾಗದವರು ಮೂರು ಚಕ್ರದ ಸೈಕಲ್ ಹಿಡಿಯುವುದು ಲೇಸು. ಮಂಡಿಗೆ ಸಿಗುವ ಬಿಡುವು ಅದರಲ್ಲೂ ಸಿಗುತ್ತದೆ. ಸಮತೋಲದ ಕಸರತ್ತು ಮಾತ್ರ ಎರಡು ಚಕ್ರದವರಿಗೆ, ಅದರಲ್ಲೂ ಅವಸರವಿಲ್ಲದವರಿಗೆ ಹೆಚ್ಚು.